ಮಾಮಿ ಗಾಳಿ ತಳ್ಳುವ ಹೊತ್ತು

ನವೆಂಬರ್ 6, ಬೆಳಗ್ಗೆ 5.40

ತಾರಸಿ ಬಾಗಿಲಿನ ಕಬ್ಬಿಣದ ಚಿಲಕ. ಕರ್ರ್... ಠಕ್. ಆ ಸದ್ದಿಗೇ ಎಚ್ಚರ. ಕಣ್ಣು ಹತ್ತಿ ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ. ಸುಬಹಿ ನಮಾಜು ಇವತ್ತೂ ತಡವಾಯಿತು.

ಮಾಮಿ ಮೇಲೆ ಹೋದರು. ಎಪ್ಪತ್ತೆರಡು ವರ್ಷ. ಬೇರೆಯವರ ಅತ್ತೆಯಂದಿರು ಈ ಹೊತ್ತಿಗೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಾರೆ. ನನ್ನ ಅತ್ತೆ ತಲೆಗೆ ಬಿಳಿ ಮಕ್ಕನ ಬಿಗಿದುಕೊಂಡು, ಶೀಟ್ ಹಾಕಿದ ತಾರಸಿಯಲ್ಲಿ, ಒಣಗಲು ಹಾಕಿದ ನನ್ನ ಪುಟ್ಟ ಮಗಳು ಮೋಳುವಿನ ಬಟ್ಟೆಗಳ ನಡುವೆ ಗಾಳಿ ತಳ್ಳುತ್ತಾರೆ. ಮನೆಯಲ್ಲಿ ಎಲ್ಲರೂ ಹಾಗೇ ಹೇಳುವುದು. ಮದುವೆಯಾದ ಹೊಸತರಲ್ಲಿ ಇವರು ಹೇಳಿದ್ದರು — "ಬೆಳಿಗ್ಗೆ ಉಮ್ಮ ಗಾಳಿ ತಳ್ಳುವಾಗ ಬಟ್ಟೆ ಹಾಕಲಿಕ್ಕೆ ಮೇಲೆ ಹೋಗ್ಬೇಡ. ನಿನ್ನನ್ನೂ ತಳ್ಳಿಯಾರು."

ಬರೆಯಲು ಹೇಳಿದ್ದು ಪುತ್ತೂರಿನ ಡಾಕ್ಟರು. ನಿದ್ದೆ ಬಾರದಿದ್ದರೆ ಫೋನ್ ಒತ್ತುತ್ತ ಕೂರಬೇಡಿ, ಏನಾದರೂ ಬರೆಯಿರಿ ಅಂತ. ಬಿ.ಕಾಂ. ಮುಗಿದ ಮೇಲೆ ನಾನು ಬರೆದದ್ದೆಂದರೆ ಸಾಮಾನಿನ ಚೀಟಿ. ಇರಲಿ. ಓದುವವರು ಯಾರೂ ಇಲ್ಲ, ಅದೇ ಒಳ್ಳೆಯದು.

ಡಾಕ್ಟರಿಗೆ ನಿದ್ದೆಯ ವಿಷಯ ಮಾತ್ರ ಹೇಳಿದ್ದು. ಮೆಟ್ಟಿಲಿನ ವಿಷಯ ಹೇಳಿಲ್ಲ.

ನಮ್ಮ ಕೋಣೆ ಮೇಲೆ, ಅಡಿಗೆಮನೆ ಕೆಳಗೆ. ನಡುವೆ ಗ್ರಾನೈಟಿನ ಮೆಟ್ಟಿಲು. ಗಲ್ಫಿನ ಮನೆಗೆ ಗ್ರಾನೈಟ್ ಬೇಕೇ ಬೇಕಲ್ಲ. ಮೋಳುವನ್ನು ಎತ್ತಿಕೊಂಡು ಮೊದಲ ಮೆಟ್ಟಿಲ ಹತ್ತಿರ ಬಂದರೆ ಸಾಕು, ಕಣ್ಣ ಮುಂದೆ ಒಂದು ಚಿತ್ರ. ನನ್ನ ಕೈ ಸಡಿಲವಾಗುತ್ತದೆ. ಅವಳು...

ಬರೆಯಲಾರೆ. ಯಾರೂ ನೋಡದಿರುವಾಗ ಕೂತುಕೊಂಡು ಒಂದೊಂದೇ ಮೆಟ್ಟಿಲು ಜಾರಿ ಇಳಿಯುತ್ತೇನೆ. ಅಂಬೆಗಾಲಿನ ಮಗು ಇಳಿಯುವ ಹಾಗೆ.

ನವೆಂಬರ್ 9

ಕಾಂಪೌಂಡಿನ ಆಚೆಯಿಂದ ಮನೋರಮಕ್ಕ. ಕಳೆದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟಕ್ಕೆ ರಾಡ್ ಹಾಕಿಸಿಕೊಂಡವರು. ವಾಕರ್ ಹಿಡಿದು ಗೋಡೆಯವರೆಗೆ ಬರುತ್ತಾರೆ, ಅಲ್ಲಿಂದ ನಮ್ಮ ಮನೆಯನ್ನು ಟಿ.ವಿ. ನೋಡಿದ ಹಾಗೆ ನೋಡುತ್ತಾರೆ. ಮಾಮಿಗಿಂತ ಎಂಟು ವರ್ಷ ಚಿಕ್ಕವರು.

"ಎಂತ ಸುಹರಾ, ಬೆಳಿಗ್ಗೆ ಬೆಳಿಗ್ಗೆ ಗಾಳಿಯಲ್ಲಿ ಪತ್ರೊಡೆ ಸುತ್ತುದಾ ನೀನು?"

ಮಾಮಿ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಸಳೆ ಸೋಸುತ್ತಿದ್ದರು. "ಹೌದು. ನಿನಗೂ ಎರಡು ತುಂಡು ಇಟ್ಟಿದ್ದೇನೆ" ಎಂದು ಹೇಳಿ ಎದ್ದರು. ನೆಲಕ್ಕೆ ಕೈ ಊರಲಿಲ್ಲ, ಮೊಣಕಾಲು ಹಿಡಿಯಲಿಲ್ಲ. ಸುಮ್ಮನೆ ಮೇಲೆ ಬಂದರು, ಬಾವಿಯಿಂದ ಕೊಡ ಬಂದ ಹಾಗೆ.

"ಅಯ್ಯೋ ದೇವರೇ, ನೀನು ಏಳುದು ನೋಡಿದ್ರೆ ನನ್ನ ಮೊಣಕಾಲು ನೋಯ್ತದೆ ಮಾರಾಯ್ತಿ."

"ನಾನು ಏಳುದಲ್ಲ ಮನೋರಮಾ. ನೆಲ ದೂಡುದು."

"ನಮ್ಮ ಮನೆ ನೆಲ ಬರೀ ಎಳೆಯುದು!"

ಇಬ್ಬರೂ ನಕ್ಕರು. ನಾನೂ ನಕ್ಕೆ. ಒಳಗೆ ಬಂದ ಮೇಲೆ ಯಾಕೆ ಅಳು ಬಂತೋ ಗೊತ್ತಿಲ್ಲ.

ನವೆಂಬರ್ 13

ಇವರ ವಿಡಿಯೋ ಕಾಲ್. ಶಾರ್ಜಾದಲ್ಲಿ ವೇರ್‌ಹೌಸಿನ ನೈಟ್ ಡ್ಯೂಟಿ ಮುಂದಿನ ಮಾರ್ಚಿನವರೆಗೂ ಅಂತೆ. ಡ್ಯೂಟಿಯಲ್ಲಿ ಫೋನ್ ಲಾಕರಿನಲ್ಲಿ. ನಡುರಾತ್ರಿ ಊಟದ ಬ್ರೇಕಿನಲ್ಲಿ ಮಾತ್ರ ಕೈಗೆ ಸಿಗುವುದು.

"ತಿಂದೆಯಾ? ಮೋಳು ಎಂತ ಮಾಡ್ತಾಳೆ? ಉಮ್ಮ ತಳ್ಳಿದ ಗಾಳಿ ನಿನ್ನೆ ಇಲ್ಲಿವರೆಗೆ ಬಂತು ಮಾರಾಯ್ತಿ, ಒಂದು ಕಾರ್ಟನ್ ಬಿತ್ತು."

ನಕ್ಕೆ. ಕ್ಯಾಮೆರಾ ಮೋಳುವಿನ ಕಡೆ ತಿರುಗಿಸಿದೆ. ನನ್ನ ಮುಖ ಕಾಣಬಾರದಲ್ಲ. ಕೇಳಿಯಾರು ಅಂತ ಕಾದೆ — ನೀನು ಹೇಗಿದ್ದೀ ಅಂತ. ನೆಟ್ ಹೋಯಿತು. ಅಥವಾ ಬ್ರೇಕ್ ಮುಗಿಯಿತು. ಎರಡೂ ಒಂದೇ ಥರ ಕಾಣುತ್ತದೆ ಪರದೆಯಲ್ಲಿ.

ನವೆಂಬರ್ 16, ಬೆಳಗ್ಗೆ 6.50

ಇವತ್ತು ಚಿಲಕದ ಸದ್ದಿಗೆ ಮೊದಲೇ ಎಚ್ಚರವಿದ್ದೆ. ಮಲಗಿಯೇ ಇರಲಿಲ್ಲ. ಮೋಳು ತೊಟ್ಟಿಲಲ್ಲಿ ಗಾಢ ನಿದ್ದೆ. ಮೇಲೆ ಹೋದೆ.

ಮೊದಲು ಏನೂ ನಡೆಯುತ್ತಿಲ್ಲ ಅನಿಸಿತು. ಮಾಮಿ ನಿಂತಿದ್ದರು, ಅಷ್ಟೇ. ಆಮೇಲೆ ಎರಡು ಕೈ ನಿಧಾನ ಮೇಲೆ ಬಂದವು, ನೀರಿನ ಒಳಗಿಂದ ಏಳುವ ಹಾಗೆ. ಮೈಯ ಭಾರವೆಲ್ಲ ಬಲಗಾಲಿಗೆ ಹೋಯಿತು. ಹೋಗುವುದು ಕಾಣುತ್ತಿತ್ತು — ಒಂದು ಕೊಡದಿಂದ ಇನ್ನೊಂದಕ್ಕೆ ನೀರು ಬಗ್ಗಿಸಿದ ಹಾಗೆ. ಎಡಗಾಲು ಬೆಕ್ಕಿನ ಕಾಲಿನಂತೆ ಮುಂದೆ ಹೋಗಿ ಹಿಮ್ಮಡಿ ಊರಿತು. ಕೈ ತಿರುಗಿತು, ಸೊಂಟ ತಿರುಗಿತು, ಮುಖ ಕೊನೆಗೆ. ಎಲ್ಲಿಯೂ ನಿಲ್ಲಲಿಲ್ಲ, ಎಲ್ಲಿಯೂ ಅವಸರವಿಲ್ಲ. ನನ್ನ ಉಸಿರು ಕೂಡ ನಿಧಾನವಾಯಿತು ನೋಡಿ ನೋಡಿ.

ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಬಂದದ್ದು ಯಾಕೆಂದು ಕೇಳಲಿಲ್ಲ.

"ಇದಕ್ಕೆ ತಾಯ್ ಚಿ ಅಂತ ಹೆಸರು ಮಾಮಿ. ಫೋನಲ್ಲಿ ನೋಡಿದೆ. ಲಕ್ಷಗಟ್ಟಲೆ ಜನ ಮಾಡ್ತಾರಂತೆ."

"ಹೌದಾ? ಹೆಸರುಂಟಾ?" ನಿಜವಾಗಿಯೂ ಆಶ್ಚರ್ಯ ಅವರಿಗೆ. "ಪೋಪೋ ಹೇಳಲೇ ಇಲ್ಲ. ಹೇಳಿದ್ರೂ ನನಗೆ ಗೊತ್ತಾಗ್ತಿರಲಿಲ್ಲ. ಅವಳಿಗೆ ನಮ್ಮ ಭಾಷೆ ಬರುದಿಲ್ಲ, ನನಗೆ ಚೀನಾದ್ದು ಬರುದಿಲ್ಲ. ಅದಕ್ಕೇ ಒಂದು ಜಗಳ ಸಹ ಆಗಲಿಲ್ಲ ನಮಗೆ."

ಪೋಪೋ ಅಂದರೆ ಇದನ್ನು ಕಲಿಸಿದ, ಸಿಂಗಾಪುರದಲ್ಲಿ ಪಕ್ಕದ ಫ್ಲಾಟಿನ ಚೀನೀ ಅಜ್ಜಿ. ಮಾಮ — ಇವರ ತಂದೆ ಸಾಹುಲ್ ಹಮೀದ್, ನಾನು ಅವರನ್ನು ನೋಡಿದ್ದು ಫೋಟೋದಲ್ಲಿ ಮಾತ್ರ — ಅಲ್ಲಿ ಬಂದರಿನ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಮಾಮಿಗೆ ಆಗ ಇಪ್ಪತ್ತೆರಡು. ಅಲ್ಲಿಂದ ಇಲ್ಲಿಯವರೆಗೆ ಬಿಟ್ಟಿಲ್ಲ. ಊರಿಗೆ ಬಂದ ಮೇಲೂ, ಹೆರಿಗೆಗಳ ನಂತರವೂ, ಮಾಮ ತೀರಿಕೊಂಡಾಗಲೂ ಬಾಗಿಲು ಹಾಕಿದ ಕೋಣೆಯಲ್ಲಿ.

"ಇದರಿಂದ ನಿದ್ದೆ ಬರ್ತದಾ?" ಕೇಳಿದೆ.

"ಬರ್ತದೆ."

"ಯಾವಾಗ?"

"ನನಗೆ ಮೂರು ವರ್ಷ ಹಿಡಿಯಿತು."

"ನನಗೆ ಇವತ್ತು ರಾತ್ರಿ ಬೇಕಿತ್ತು ಮಾಮಿ."

ಅವರು ನಗಲಿಲ್ಲ. ನನ್ನ ಹಿಂದೆ ಬಂದು ಎರಡು ಹೆಗಲ ಮೇಲೆ ಕೈ ಇಟ್ಟು ಸ್ವಲ್ಪ ಕೆಳಗೆ ಒತ್ತಿದರು. "ನಿಲ್ಲು. ಸುಮ್ಮನೆ ನಿಲ್ಲು. ನೀನು ನಿಂತದ್ದಲ್ಲ ಈಗ, ಹೆಗಲಿನಿಂದ ನೇತಾಡುದು."

ನವೆಂಬರ್ 24

ದಿನಾ ಹೋಗುತ್ತಿದ್ದೇನೆ. ಮೊಣಕಾಲು ಸ್ವಲ್ಪ ಬಗ್ಗಿಸಿ, ಮರ ತಬ್ಬಿದ ಹಾಗೆ ಕೈ ಮಾಡಿ ನಿಲ್ಲುವುದು. ಬೇರೆ ಏನೂ ಇಲ್ಲ. ತೊಡೆ ನಡುಗುತ್ತದೆ. ನಿದ್ದೆ ಇಲ್ಲ.

ಇವತ್ತು ಸಿಕ್ಕಿಬಿದ್ದೆ. ಮೋಳುವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಜಾರಿ ಇಳಿಯುವಾಗ ಕೆಳಗೆ ಮಾಮಿ. ನಗುತ್ತಾರೆ ಅಂದುಕೊಂಡೆ. ಬಂದು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

"ಕಣ್ಣಿಗೆ ಕಾಣ್ತದಾ? ಬಿದ್ದ ಹಾಗೆ?"

ತಲೆಯಾಡಿಸಿದೆ.

"ಸಿಂಗಾಪುರದಲ್ಲಿ ನಮ್ಮದು ಹನ್ನೊಂದನೇ ಮಾಳಿಗೆ. ಬಾಲ್ಕನಿ ಬಾಗಿಲಿಗೆ ನಾನು ಕಬಾಟು ಅಡ್ಡ ಇಟ್ಟಿದ್ದೆ. ನಿನ್ನ ಮಾಮ ಡ್ಯೂಟಿಯಿಂದ ಬಂದು ಕೇಳಿದ್ರು, ಗಾಳಿ ಎಲ್ಲಿಂದ ಬರುದು ಇನ್ನು ಅಂತ. ಇಲಿ ಬರ್ತದೆ ಅಂದೆ. ಹನ್ನೊಂದನೇ ಮಾಳಿಗೆಗೆ ಇಲಿ!"

ಆಮೇಲೆ ಮೋಳುವನ್ನು ನನ್ನ ಕೈಯಿಂದ ತೆಗೆದುಕೊಂಡರು. "ತಲೆದಿಂಬು ತಾ. ಅದನ್ನು ಹಿಡಿದು ಇಳಿ."

ಇಳಿದೆ. ನಿಲ್ಲಿಸಿದರು. "ನೀನು ಎರಡು ಕಾಲಿನಲ್ಲೂ ಅರ್ಧರ್ಧ ನಿಂತಿದ್ದೀ, ಅದಕ್ಕೆ ಹೆದರಿಕೆ. ಒಂದು ಕಾಲು ಖಾಲಿ ಮಾಡು. ಪೂರಾ ಖಾಲಿ. ಖಾಲಿ ಕಾಲು ಹೋಗಿ ನೋಡಿಕೊಂಡು ಬರಲಿ. ಮೆಟ್ಟಿಲು ಉಂಟು ಅಂತ ಗೊತ್ತಾದ ಮೇಲೆ ನೀನು ಹೋಗು."

ತಲೆದಿಂಬು ಹಿಡಿದು ಸಂಜೆವರೆಗೆ ಹತ್ತಿ ಇಳಿದೆ. ಮನೋರಮಕ್ಕ ಕಿಟಕಿಯಿಂದ ನೋಡಿದ್ದರೆ ಗೋಡೆ ಹಾರಿ ಬರುತ್ತಿದ್ದರು, ರಾಡ್ ಸಮೇತ.

ಡಿಸೆಂಬರ್ 2

ತಲೆದಿಂಬಿನ ಬದಲು ಮೋಳು. ಮಾಮಿ ನನ್ನ ಮುಂದೆ, ನನಗೆ ಮುಖ ಮಾಡಿ, ಹಿಮ್ಮುಖವಾಗಿ ಇಳಿದರು. ಆ ಗ್ರಾನೈಟಿನಲ್ಲಿ. ಹಿಂದೆ ಒಮ್ಮೆಯೂ ನೋಡದೆ. ಕೈ ಚಾಚಿರಲಿಲ್ಲ, ಹಿಡಿಯಲು ತಯಾರಾಗಿಯೂ ಇರಲಿಲ್ಲ. ನನ್ನ ಕಣ್ಣು ಮಾತ್ರ ನೋಡುತ್ತಿದ್ದರು.

ಚಿತ್ರ ಬಂತು. ಬಂತು, ಆದರೆ ಕಾಲು ತನ್ನ ಪಾಡಿಗೆ ಇಳಿಯುತ್ತಿತ್ತು.

ಕೆಳಗೆ ಬಂದೆವು. ಮೋಳು ಮಾಮಿಯ ಮಕ್ಕನದ ತುದಿ ಬಾಯಿಗೆ ಹಾಕಿಕೊಂಡಳು. ಮಧ್ಯಾಹ್ನ ಅವಳ ಜೊತೆ ನಾನೂ ಮಲಗಿದೆ. ಎದ್ದಾಗ ಸಂಜೆ! ಎಷ್ಟು ತಿಂಗಳ ಮೇಲೆ.

ಇವರಿಗೆ ಮೆಸೇಜ್ ಹಾಕಿದೆ — ಇವತ್ತು ನಿದ್ದೆ ಮಾಡಿದೆ ಅಂತ. ಒಂದು ಹೆಬ್ಬೆರಳಿನ ಚಿತ್ರ ಬಂತು.

ಡಿಸೆಂಬರ್ 5

ಎಲ್ಲ ಹಾಳಾಯಿತು. ಮೋಳುವಿಗೆ ಜ್ವರದ ಡ್ರಾಪ್ಸ್ ತರಲು ಕುಂಬ್ರ ಜಂಕ್ಷನ್ನಿಗೆ ಹೋಗಿದ್ದೆ, ಅವಳನ್ನು ಎತ್ತಿಕೊಂಡೇ. ಎರಡು ರಾತ್ರಿ ಅವಳ ಜ್ವರಕ್ಕೆ ಕೂತಿದ್ದೆನಲ್ಲ. ಮೆಡಿಕಲ್ಲಿನ ಎದುರು ಬಿಸಿಲು, ಬಸ್ಸಿನ ಹಾರ್ನ್... ಕಣ್ಣು ಕತ್ತಲೆ. ಬೀಳಲಿಲ್ಲ. ಇದನ್ನು ಬರೆದಿಡಬೇಕು. ಬೀಳಲಿಲ್ಲ. ಕತ್ತಲೆ ಬಂತು ಅಂತ ಗೊತ್ತಾದ ಕೂಡಲೇ ಮೊಣಕಾಲು ತಾನಾಗಿ ಬಗ್ಗಿತು, ಮೋಳುವನ್ನು ತಬ್ಬಿಕೊಂಡು ಹಾಗೇ ನೆಲಕ್ಕೆ ಕೂತೆ.

ಆದರೆ ನೋಡಿದವರಿಗೆ ಅದು ಬಿದ್ದದ್ದೇ. ಆಟೋದ ಶಮೀರ್ ಮನೆಗೆ ತಂದು ಬಿಟ್ಟ. ಒಳ್ಳೆಯ ಹುಡುಗ. ಮನೆಯ ಗೇಟಿನಲ್ಲೇ ಸುಳ್ಯದಲ್ಲಿರುವ ಇವರ ಅಕ್ಕ ನುಸೈಬಾ ದೀದಿಗೂ ಫೋನ್ ಮಾಡಿದ. "ದೀದಿ, ನಿಮ್ಮ ತಮ್ಮನ ಹೆಂಡತಿ ಮಗು ಸಮೇತ ರೋಡಿನಲ್ಲಿ..."

ಡಿಸೆಂಬರ್ 6

ದೀದಿಯ ಫೋನ್. ಗದರಿಸುತ್ತಾರೆ ಅಂದುಕೊಂಡಿದ್ದೆ. ಎಷ್ಟು ಮೆತ್ತಗೆ ಮಾತಾಡಿದರು. "ಎಂತ ಆಗ್ತದೆ ಜಸೀನಾ ನಿನಗೆ? ನನ್ನ ಹತ್ತಿರ ಹೇಳು. ನಿನಗೆ ಅಕ್ಕ ಇಲ್ಲ, ಉಮ್ಮ ಇಲ್ಲ. ನಾನಿಲ್ವಾ?"

ನನಗೆ ತವರು ಅಂತ ಉಳಿದದ್ದು ಕೊಯಿಲದಲ್ಲಿ ಅಣ್ಣನ ಮನೆ. ಅತ್ತಿಗೆ ಗೇಟಿನಿಂದಲೇ ಯಾವಾಗ ಹೋಗುವುದು ಎಂದು ಕೇಳುವ ಮನೆ. ಇಷ್ಟು ಮೆತ್ತಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು. ಹೇಳಿಬಿಟ್ಟೆ. ಮೆಟ್ಟಿಲು, ಚಿತ್ರ, ಕೈ ಸಡಿಲವಾಗುವುದು — ಎಲ್ಲ.

ಆ ಕಡೆಯಿಂದ, "ಮಗು ಈಗ ಎಲ್ಲುಂಟು?"

ಅದು ಕಿವಿಗೆ ಬಿದ್ದಾಗಲೇ ಗೊತ್ತಾಯಿತು, ಹೇಳಬಾರದಿತ್ತು.

ಡಿಸೆಂಬರ್ 8

ದೀದಿ ಬಂದಿದ್ದರು. ಮೋಳುವನ್ನು ಸುಳ್ಯಕ್ಕೆ ಕರೆದುಕೊಂಡು ಹೋಗುತ್ತಾರಂತೆ. ನನಗೆ ಗುಣವಾಗುವವರೆಗೆ. ಒಂದು ವರ್ಷವೋ ಎರಡೋ.

"ನಿನ್ನ ಮೇಲೆ ಕೋಪ ಇಲ್ಲ ಜಸೀನಾ. ನಮ್ಮಲ್ಲಿ ಇದು ಹೊಸತಲ್ಲ. ಗಂಡ ಹೆಂಡತಿ ದೂರ ದೇಶಕ್ಕೆ ಹೋದ್ರೆ, ಹೆತ್ತವಳಿಗೆ ಕೂಡದಿದ್ರೆ ಮಗು ಊರಲ್ಲಿ ಬೆಳೆಯುದು. ನಾನೂ ಬೆಳೆಯಲಿಲ್ವಾ? ಒಂಬತ್ತು ತಿಂಗಳಲ್ಲಿ ನನ್ನನ್ನು ಸಿಂಗಾಪುರದಿಂದ ಅಜ್ಜಿ ಹತ್ತಿರ ಕಳಿಸಿದ್ರು. ಐದು ತುಂಬುವವರೆಗೆ ಇದ್ದೆ. ನನಗೆಂತ ಆಯಿತು? ಕೈ ಮುರಿಯಿತಾ, ಕಾಲು ಮುರಿಯಿತಾ?"

ಮಾಮಿ ಬಾಗಿಲ ಹತ್ತಿರ ನಿಂತಿದ್ದರು, ಟ್ರೇ ಹಿಡಿದು. ಚಹಾ ತುಳುಕಲಿಲ್ಲ. ಒಂದು ಮಾತೂ ಆಡಲಿಲ್ಲ.

ಡಿಸೆಂಬರ್ 9

ಇವರು ಫೋನಿನಲ್ಲಿ: "ದೀದಿ ಹೇಳಿದ ಹಾಗೆ ಮಾಡು ಜಸೀ. ಅವಳು ನನ್ನನ್ನೇ ಸಾಕಿದವಳು. ನನಗೂ ಅವಳಿಗೂ ಹದಿನೈದು ವರ್ಷ ವ್ಯತ್ಯಾಸ. ಮೋಳುವನ್ನು ನೋಡಿಕೊಳ್ಳುದಿಲ್ವಾ?"

"ನೀವೇನು ಹೇಳ್ತೀರಿ? ದೀದಿ ಅಲ್ಲ, ನೀವು."

"ನಾನು ಇಲ್ಲಿಂದ ಎಂತ ಹೇಳುದು..."

ಹೌದು. ಎಂತ ಹೇಳುದು.

ಡಿಸೆಂಬರ್ 10

ಮಾಮಿಯ ಮೇಲೆ ಕೂಗಾಡಿದೆ. ಜೀವನದಲ್ಲಿ ಮೊದಲ ಸಲ ಹಿರಿಯರ ಎದುರು ಸ್ವರ ಎತ್ತಿದ್ದು. ತಾರಸಿಯಲ್ಲಿ, ಅವರ ಆ ಹೊತ್ತಿನಲ್ಲೇ. "ನೀವು ಒಂದು ಮಾತು ಹೇಳಿದ್ರೆ ದೀದಿ ಕೇಳ್ತಿರಲಿಲ್ವಾ? ಐವತ್ತು ವರ್ಷ ಕಲಿತದ್ದು ಬಾಯಿ ಮುಚ್ಚಿ ನಿಲ್ಲಲಿಕ್ಕಾ?"

ಕೈ ಕೆಳಗಿಳಿಸಿದರು. ಅವರು ಅದನ್ನು ನಡುವೆ ನಿಲ್ಲಿಸಿದ್ದು ನಾನು ನೋಡಿದ್ದೇ ಇಲ್ಲ.

ಬಟ್ಟೆ ಕಲ್ಲಿನ ಮೇಲೆ ಕೂತು ಹೇಳಿದರು. ದೀದಿಯನ್ನು ಕಳಿಸಿಕೊಡಿ ಎಂದು ಊರಿನಿಂದ ಕಾಗದ ಬಂದದ್ದು, ಮದರಾಸಿಗೆ ಹೋಗುವ ಹಡಗಿನಲ್ಲಿ ಸಂಬಂಧಿಕರು ಮಗುವನ್ನು ತೆಗೆದುಕೊಂಡು ಹೋದದ್ದು. ಹಡಗು ಹೋದ ಮೇಲೆ ಕಬಾಟು ಅದರ ಜಾಗಕ್ಕೆ ಹೋಯಿತಂತೆ. ಬಾಲ್ಕನಿ ತೆರೆಯಿತು. ಗಾಳಿ ಬಂತು. ಮಾಮಿ ಎದ್ದು ಅನ್ನ ಇಡುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ಆಗ ಪಕ್ಕದ ಮನೆಯ ಪೋಪೋ ಒಂದು ಬೆಳಿಗ್ಗೆ ಬಂದು ಮಣಿಕಟ್ಟು ಹಿಡಿದು ಲಿಫ್ಟಿನಲ್ಲಿ ಕೆಳಗಿಳಿಸಿ, ಮುದುಕಿಯರ ಸಾಲಿನಲ್ಲಿ ನಿಲ್ಲಿಸಿದಳು.

"ಊರಿಗೆ ಬರುವಾಗ ನುಸೈಬಾಳಿಗೆ ಐದು ತುಂಬಿತ್ತು. ಅಜ್ಜಿಯ ಹಿಂದೆ ಅಡಗಿ ಕೇಳಿದಳು — ಇದು ಯಾರು ಹೆಂಗಸು? ಒಳ್ಳೆಯ ಮಗಳು ಅವಳು. ಪೆರ್ನಾಲ್ ಹಬ್ಬಕ್ಕೆ ಸೀರೆ ತರ್ತಾಳೆ, ಆಸ್ಪತ್ರೆಗೆ ಕರೆದುಕೊಂಡು ಹೋಗ್ತಾಳೆ. ಇವತ್ತಿನವರೆಗೆ ನನ್ನ ಮಡಿಲಲ್ಲಿ ತಲೆ ಇಟ್ಟದ್ದಿಲ್ಲ."

ಅವರ ಕಾಲ ಹತ್ತಿರ ನೆಲಕ್ಕೆ ಕೂತೆ.

"ನನಗೆ ಹೇಳಲಿಕ್ಕೆ ಬರುದಿಲ್ಲ ಜಸೀನಾ. ಮಾತಿನಲ್ಲಿ ನಾನು ಯಾವಾಗಲೂ ಸೋತದ್ದೇ" ಅಂದರು. ಎದ್ದು, ನಿಲ್ಲಿಸಿದಲ್ಲಿಂದ ಅಲ್ಲ, ಮೊದಲಿನಿಂದ ಶುರು ಮಾಡಿದರು.

ಡಿಸೆಂಬರ್ 14

ಮಾಮಿ ನನ್ನನ್ನು ಪುತ್ತೂರಿಗೆ ಕರೆದುಕೊಂಡು ಹೋದರು. ಡಾಕ್ಟರಿಗೆ ಈ ಸಲ ಎಲ್ಲ ಹೇಳಿದೆ, ಮೆಟ್ಟಿಲಿನದ್ದೂ. ಅವರು ಗಾಬರಿಯಾಗಲಿಲ್ಲ! "ತುಂಬ ತಾಯಂದಿರಿಗೆ ಇಂಥ ಚಿತ್ರ ಬರ್ತದೆ. ಹೆದರುವವರಿಗೇ ಬರುವುದು. ಭಯ ಬೇರೆ, ಮಾಡುವುದು ಬೇರೆ." ಮಾತ್ರೆ ಕೊಟ್ಟರು, ಹಾಲು ಕುಡಿಸಬಹುದಂತೆ. ಮಗು ನನ್ನ ಹತ್ತಿರವೇ ಇರಲಿ, ನಾನು ಒಬ್ಬಳೇ ಇರುವುದು ಬೇಡ, ಹದಿನೈದು ದಿನ ಬಿಟ್ಟು ಬನ್ನಿ ಅಂದರು.

ದೀದಿಗೆ ಫೋನ್ ಮಾಡಿ ಹೇಳಿದೆ. "ಡಾಕ್ಟ್ರಿಗೆ ನಿನ್ನ ಮನೆಯ ಮೆಟ್ಟಿಲು ಗೊತ್ತುಂಟಾ?" ಅಂದರು.

ಡಿಸೆಂಬರ್ 17

ಮಾತ್ರೆಯಿಂದಲೋ ಏನೋ, ಮೂರು ಗಂಟೆ ನಿದ್ದೆ.

ಇವತ್ತು ಹೊಸತು. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುವುದು. ನಾನು ತಳ್ಳಬೇಕು. ತಳ್ಳಿದೆ. ಅಲ್ಲಿ ಯಾರೂ ಇರಲಿಲ್ಲ. ಮಾಮಿ ಎದುರಿಗೇ ಇದ್ದಾರೆ, ಕೈ ತಾಗಿಯೇ ಇದೆ, ಆದರೆ ನಾನು ತಳ್ಳಿದ ಜಾಗ ಖಾಲಿ. ನಾನೇ ಮುಗ್ಗರಿಸಿದೆ.

"ಇದು ಇಬ್ಬರು ಸೇರಿ ಮಾಡುದು" ಅಂದರು. "ಪೋಪೋ ಆದ ಮೇಲೆ ನನಗೆ ಎದುರು ನಿಲ್ಲಲಿಕ್ಕೆ ಜನವೇ ಸಿಗಲಿಲ್ಲ. ಅರ್ಧ ಮಾತ್ರ ಮಾಡಿಕೊಂಡು ಬಂದದ್ದು ಇಷ್ಟು ವರ್ಷ. ಗಾಳಿ ತಳ್ಳುದು ಅಂತ ನೀವೆಲ್ಲ ಹೇಳ್ತೀರಲ್ಲ, ಸುಳ್ಳಲ್ಲ. ಗಾಳಿ ಬಿಟ್ಟು ಬೇರೆ ಯಾರಿದ್ರು?"

ಮುಖ ನೋಡಿದೆ. ಮಾಮಿ ದೂರು ಹೇಳುತ್ತಿರಲಿಲ್ಲ. ನಗುತ್ತಿದ್ದರು. ಕೈ ಬಿಸಿಯಾಗಿತ್ತು.

ಡಿಸೆಂಬರ್ 20, ಸಂಜೆ 5

ಈಗಲೇ ಬರೆಯಬೇಕು.

ದೀದಿ ಮಧ್ಯಾಹ್ನ ಬಂದರು, ಮೋಳುವಿನ ಬಟ್ಟೆ ಕಟ್ಟಿಡು ಎಂದು ಹೇಳಲು. ನಾಳೆ ಬೆಳಗ್ಗೆ ಗಾಡಿ ತರುತ್ತಾರಂತೆ. ನಾನು ತೊಟ್ಟಿಲ ಹತ್ತಿರದಿಂದ ಏಳಲಿಲ್ಲ.

ಮಾಮಿ ವಾದ ಮಾಡಲಿಲ್ಲ. ದೀದಿಯ ಎದುರು ಬಂದು ನಿಂತು ಎರಡು ಕೈ ಮುಂದೆ ಮಾಡಿದರು. "ನನ್ನನ್ನು ದೂಡು ನುಸೈಬಾ."

"ಎಂತ ಉಮ್ಮಾ ಇದು? ನಾನು ಆಟಕ್ಕೆ ಬಂದದ್ದಲ್ಲ."

"ಒಮ್ಮೆ ದೂಡು. ನಾನು ಬಿದ್ರೆ ಮಗುವನ್ನು ಈಗಲೇ ತೆಗೆದುಕೊಂಡು ಹೋಗು."

ದೀದಿ ದೊಡ್ಡ ಆಳು, ಐವತ್ತರ ಹೆಂಗಸು, ಮಾಮಿಯ ಎರಡರಷ್ಟಿದ್ದಾರೆ. ಮೊದಲು ಸುಮ್ಮನೆ ಮುಟ್ಟಿದರು. ಮಾಮಿ ಅಲ್ಲಾಡಲಿಲ್ಲ. ಸ್ವಲ್ಪ ದೂಡಿದರು. ಮಾಮಿಯ ಸೊಂಟ ಒಂದಿಷ್ಟು ತಿರುಗಿತು, ಅಷ್ಟೇ. ದೀದಿಯ ಮುಖ ಕೆಂಪಾಯಿತು. ಹಲ್ಲು ಕಚ್ಚಿ ದೂಡಿದರು — ಎಷ್ಟೋ ವರ್ಷದ್ದು ಆ ದೂಡುವುದರಲ್ಲಿತ್ತು. ಮಾಮಿ ಎದುರು ದೂಡಲಿಲ್ಲ. ಜಾಗ ಕೊಟ್ಟರು. ದೀದಿ ಪೂರಾ ಭಾರದೊಂದಿಗೆ ಮುಂದೆ ಬಂದು ಮಾಮಿಯ ಎದೆಗೆ ಬಿದ್ದರು. ಮಾಮಿ ಆ ಭಾರವನ್ನೆಲ್ಲ ಒಂದು ಕಾಲಿನಲ್ಲಿ ಹೊತ್ತು ನಿಂತರು. ಹಿಡಿದುಕೊಂಡರು.

ದೀದಿ ಬಿಡಿಸಿಕೊಳ್ಳಲಿಲ್ಲ. ಹೆಗಲಲ್ಲಿ ಮುಖ ಇಟ್ಟುಕೊಂಡೇ ಕೇಳಿದರು, "ಇಷ್ಟು ಬಲ ಇದ್ದವರು ಆವತ್ತು ಎಂತಕ್ಕೆ ನಿಲ್ಲಲಿಲ್ಲ?"

"ಆವತ್ತು ಇರಲಿಲ್ಲ. ನಿನ್ನನ್ನು ಕೊಟ್ಟ ಮೇಲೆ ಕಲಿತದ್ದು."

ಮಾಮಿ ದೀದಿಯ ಬೆನ್ನು ಸವರಿದರು.

ಆಮೇಲೆ ದೀದಿ ಮುಖ ಒರೆಸಿಕೊಂಡರು. ನನ್ನ ಕಡೆ ನೋಡದೆ ಹೇಳಿದರು: "ನಾನು ತಮ್ಮ ಮಶೂದನಿಗೆ ಮಾತು ಕೊಟ್ಟಿದ್ದೇನೆ. ನಾಳೆ ಮಗುವಿಗೆ ಏನಾದ್ರೂ ಆದ್ರೆ ಅವನು ಕೇಳುದು ನನ್ನ ಹತ್ತಿರ. ಉಮ್ಮ ನೋಡಿಕೊಳ್ತಾರೆ, ಮಗು ಇಲ್ಲೇ ಇರಲಿ ಅಂತ ಅವನ ಬಾಯಿಯಿಂದ ಬರಲಿ. ಬಂದ್ರೆ ನಾನು ತೊಟ್ಟಿಲು ಮುಟ್ಟುದಿಲ್ಲ. ಬರದಿದ್ರೆ ಬೆಳಿಗ್ಗೆ ಏಳಕ್ಕೆ ಗಾಡಿ ಬರ್ತದೆ."

ಇವರ ಫೋನ್ ಸ್ವಿಚ್ ಆಫ್. ಮಲಗಿರಬೇಕು.

ಡಿಸೆಂಬರ್ 20, ರಾತ್ರಿ 10.20

ಈಗಲೂ ಸಿಗುತ್ತಿಲ್ಲ. ಡ್ಯೂಟಿಗೆ ಹೋಗಿದ್ದೀರಿ, ಫೋನ್ ಲಾಕರಿನಲ್ಲಿ. ಎರಡು ವಾಯ್ಸ್ ಮೆಸೇಜ್ ಮಾಡಿದೆ, ಬರೀ ಅಳು ಕೇಳಿಸುತ್ತದೆ, ಅಳಿಸಿದೆ. ಅಳು ಕೇಳಿದರೆ ನೀವು ದೀದಿ ಹೇಳಿದ್ದೇ ಸರಿ ಅಂದುಕೊಳ್ಳುತ್ತೀರಿ. ಅದಕ್ಕೆ ಇದು. ಇಷ್ಟು ದಿನ ಇದರಲ್ಲಿ ಯಾರಿಗೂ ಬರೆದದ್ದಲ್ಲ. ಈ ಪುಟ ನಿಮಗೆ. ಫೋಟೋ ತೆಗೆದು ಕಳಿಸುತ್ತೇನೆ, ಬ್ರೇಕಿನಲ್ಲಿ ಊಟಕ್ಕೆ ಮೊದಲು ಓದಿ.

ನಾನು ಗುಣವಾಗಿದ್ದೇನೆ ಅಂತ ಹೇಳುವುದಿಲ್ಲ. ಇವತ್ತೂ ಆ ಚಿತ್ರ ಬಂತು. ಆದರೆ ಮೋಳುವನ್ನು ಎತ್ತಿಕೊಂಡು ನಿಂತುಕೊಂಡೇ ಇಳಿಯುತ್ತೇನೆ ಈಗ. ನಿಮ್ಮ ಉಮ್ಮ ಕಲಿಸಿದ್ದು. ಅವರ ಹಾಗೆ ಆಗಲು ನನಗೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಕಲಿಯುತ್ತೇನೆ. ಮಗುವನ್ನು ಕೊಟ್ಟು ಆ ಮೇಲೆ ಕಲಿಯುವ ಹಾಗೆ ಮಾಡಬೇಡಿ. ಅವರು ಹಾಗೆ ಕಲಿತರು. ಅದು ಎಂಥದ್ದೆಂದು ಇವತ್ತು ಮಧ್ಯಾಹ್ನ ಕಣ್ಣಾರೆ ಕಂಡೆ.

ಉಮ್ಮ ಕೆಳಗೆ ಮಲಗಿದ್ದಾರೆ. ಅವರಿಗೆ ನಿದ್ದೆ ಬಂದಿದೆ. ನೀವು ಹೇಳೇ ಹೇಳುತ್ತೀರಿ ಅಂತ ಅವರಿಗೆ ಧೈರ್ಯ. ನನಗೆ ಅಷ್ಟು ಇಲ್ಲ. ಮೋಳುವಿನ ಬಟ್ಟೆ ಕಟ್ಟಿಲ್ಲ, ಕಟ್ಟುವುದೂ ಇಲ್ಲ.

ನನ್ನ ಹತ್ತಿರ ಮಾತಾಡಲು ಕಷ್ಟವಾದರೆ ಬೇಡ. ದೀದಿಗೆ ಮಾಡಿ. ಅವರು ಎಚ್ಚರವೇ ಇರುತ್ತಾರೆ, ನನಗೆ ಗೊತ್ತು. ಒಂದೇ ಒಂದು ಮಾತು ಸಾಕು. ಸೂಪರ್‌ವೈಸರ್ ಬೈದರೆ ಬೈಯಲಿ, ಒಂದು ನಿಮಿಷ ಹೊರಗೆ ಬನ್ನಿ. ದಯವಿಟ್ಟು. ಹೆಬ್ಬೆರಳು ಕಳಿಸಬೇಡಿ ಈ ಸಲ, ಮಾತು ಬೇಕು. ಬೆಳಗಾಗುವ ಮೊದಲು ಒಂದು ಫೋನ್ ಮಾಡಿ... ಏಳಕ್ಕೆ ಮೊದಲು ಅಲ್ಲ, ಬೆಳಗಾಗುವ ಮೊದಲು, ಅವರು ಸುಳ್ಯದಿಂದ ಹೊರಡುವ ಮೊದಲು, ಮಶೂದ್, ಒಂದು ಸಲ